ಎಸೆದ ಮೂಳೆ

ಸೆತೂಬಾಲಿನ ಬಂದರುಬೀದಿಯಲ್ಲಿ ನನ್ನ ಅಡುಗೆಮನೆ.
ಬೊಂಡಾಸ್ ಸೀಳುವುದು,
ಮಸಿಚೀಲ ಒಡೆಯದಂತೆ ಕೀಳುವುದು,
ಬೆನ್ನೊಳಗಿನ ಬಿಳಿ ಮೂಳೆಯನ್ನು ಹೆಬ್ಬೆರಳಿಂದ ಮೀಟಿ
ಬಕೆಟ್ಟಿಗೆ ಎಸೆಯುವುದು.
ಹನ್ನೊಂದು ವರ್ಷ. ದಿನಕ್ಕೆ ಅರವತ್ತು, ಭಾನುವಾರ ನೂರು.
ಎಸೆದದ್ದನ್ನು ಯಾರು ಲೆಕ್ಕ ಇಡುತ್ತಾರೆ.

ಫೆಬ್ರವರಿಯ ಒಂದು ರಾತ್ರಿ, ಬಾಣಲೆಗಳು ತಣಿದ ಮೇಲೆ,
ಹಿಂಬಾಗಿಲಲ್ಲಿ ಬಾಲ್ತಸಾರ್,
ಮೂರನೇ ಮಹಡಿಯವನು, ದೋಣಿಗೆ ಬಣ್ಣ ಬಳಿಯುವವನು.
ಉಣ್ಣೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ,
ತುಳುಕುವ ಬಟ್ಟಲು ಹಿಡಿದವನ ಹಾಗೆ.
ಟೋಪಿಯೊಳಗೆ ಒಂದು ಹಿಡಿ ಹಳದಿ.
ಹೆಣ್ಣು ಕ್ಯಾನರಿ. ಪುಕ್ಕವೆಲ್ಲ ಉಬ್ಬಿ, ಕಣ್ಣು ಅರೆಮುಚ್ಚಿ,
ಉಸಿರಿಗೊಮ್ಮೆ ಬಾಲ ಮೇಲೆ, ಕೆಳಗೆ.

"ಮೊಟ್ಟೆ ಸಿಕ್ಕಿಕೊಂಡಿದೆ, ಒದಿಲಿಯಾ.
ಡಾಕ್ಟರಮ್ಮ ಲಿಸ್ಬನ್ನಿನಲ್ಲಿ. ಫೋನಲ್ಲೇ ಹೇಳಿದರು,
ಬೆಚ್ಚಗೆ, ಹಬೆಯಾಡುವಲ್ಲಿ ಇಡು, ಬೆಳಗಾದೊಡನೆ ತಾ ಅಂತ.
ನನ್ನ ಕೋಣೆಯಲ್ಲಿ ಎಲ್ಲಿಯ ಹಬೆ?
ನಿನ್ನ ದೊಡ್ಡ ಪಾತ್ರೆ ನೆನಪಾಯಿತು."

ಕಿಟಕಿ ತೆರೆದು ಎಣ್ಣೆಯ ಹೊಗೆಯನ್ನೆಲ್ಲ ಓಡಿಸಿದೆ.
ಮುಚ್ಚಿದೆ. ನೀರಿಟ್ಟೆ.
ಒಲೆಯಿಂದ ಮೂರು ಮಾರು ದೂರ ಒಂದು ಸ್ಟೂಲು,
ಅದರ ಮೇಲೆ ಟೋಪಿ.
ಗಾಜುಗಳು ಬೆವತವು. ನಾವೂ ಬೆವತೆವು.
ಹೆರಿಗೆಕೋಣೆಯ ಹೊರಗಿನ ಬೆಂಚು ಒಳಗೇ ಬಂದ ಹಾಗಿತ್ತು.

"ಏನು ಕಡಿಮೆ ಮಾಡಿದ್ದೆ ನಾನು?
ಆರಿಸಿದ ನವಣೆ, ಒಂದು ಕಲ್ಲಿಲ್ಲದ್ದು. ಭಾನುವಾರಕ್ಕೆ ಸೇಬು.
ನವಣೆಯಲ್ಲಿ ಚಿಪ್ಪಿಗೆ ಸಾಲುವಷ್ಟು ಸುಣ್ಣ ಇಲ್ಲವಂತೆ.
ಗಂಡಿಲ್ಲದೆ ಸುಮ್ಮನೆ ಇಟ್ಟಳು, ಈ ತಿಂಗಳು ನಾಲ್ಕು ಮೊಟ್ಟೆ.
ತನ್ನ ಮೂಳೆಯನ್ನೇ ಕೆರೆದು ಕೊಟ್ಟಳಂತೆ ಅವಕ್ಕೆ.
ಐದನೆಯದಕ್ಕೆ ಡಬ್ಬಿ ಖಾಲಿ."

ನನ್ನ ನಾಲಿಗೆ ತಾನಾಗಿ ಹೋಯಿತು
ಬಲದವಡೆಯ ಕಿಂಡಿಗೆ.
ಮಗುವಿಗೊಂದು ಹಲ್ಲು, ಎನ್ನುತ್ತಿದ್ದಳು ನಮ್ಮಜ್ಜಿ.
ನನಗೆ ಮೂರು ಮಕ್ಕಳು, ಎರಡು ಕಿಂಡಿ.
ಒಂದು ಇನ್ನೂ ಬಾಕಿ.

ಎರಡೂವರೆಗೆ ಟೋಪಿ ಅಲುಗಿತು.
ಮೊಟ್ಟೆ ಎನ್ನಲಾಗದ ಒಂದು ಮೊಟ್ಟೆ.
ಬರೀ ಪೊರೆ. ನೆನೆದ ಒಣದ್ರಾಕ್ಷಿಯ ಮೆತ್ತಗೆ.
ಬೆರಳಿಟ್ಟೆ, ಬೆರಳಿನ ತಗ್ಗು ಅಲ್ಲೇ ಉಳಿಯಿತು.
ಬಾಲ್ತಸಾರನ ಮುಖ ಒದ್ದೆಯಾಗಿದ್ದದ್ದು ಹಬೆಗೋ ಏನೋ,
ನಾನು ಕೇಳಲಿಲ್ಲ.

"ಬೆಳಗ್ಗೆ ಸೂಜಿ ಚುಚ್ಚುತ್ತಾರೆ," ಎಂದ, ಮೂಗೊರೆಸಿಕೊಂಡು.
"ಆಮೇಲೆ ಬಿಸಿಲು ಬೇಕು, ಗಾಜಿನ ಹಿಂದಿನದಲ್ಲ, ನೇರ ಬಿಸಿಲು.
ಎಲೆಕೋಸು, ಹಸಿರು ಸೊಪ್ಪು.
ಮತ್ತೆ ಪಂಜರಕ್ಕೊಂದು ಮೂಳೆ ಕಟ್ಟಬೇಕಂತೆ,
ಅಂಗಡಿಯಲ್ಲಿ ಎರಡೂವರೆ ಯೂರೋ.
ಯಾವುದೋ ಸಮುದ್ರದ ಪ್ರಾಣಿಯದು."

ನಾನು ನಕ್ಕುಬಿಟ್ಟೆ. ರಾತ್ರಿ ಮೂರರ ಹೊತ್ತಿನ ನಗು,
ನಿಲ್ಲಿಸಲು ಬಾರದ್ದು.
ಬಕೆಟ್ಟನ್ನು ಕಾಲಿಂದ ಅವನತ್ತ ತಳ್ಳಿದೆ.

ಈಗ ನೆನೆಹಾಕುತ್ತೇನೆ, ಉಪ್ಪು ಬಿಡುವ ತನಕ ನೀರು ಬದಲಿಸಿ.
ಕುದಿಸುತ್ತೇನೆ. ತಾರಸಿಯ ಹಗ್ಗದಲ್ಲಿ
ಮಕ್ಕಳ ಕಾಲುಚೀಲದ ಪಕ್ಕ ಒಣಗುತ್ತವೆ,
ಗಟ್ಟಿಗೊಂಡ ಕಡಲನೊರೆ, ದೋಣಿಯ ಆಕಾರ.
ಎರಡನೇ ಬೀದಿಯ ಗಿಳಿಯವರೂ ಬರುತ್ತಾರೆ,
ಆಸ್ಪತ್ರೆಯ ದಾದಿ ಪಿಯೆದಾದೆ ತನ್ನ ಜೋಡಿ ಫಿಂಚುಗಳಿಗೆ.
ಬಾಲ್ತಸಾರನವಳು ಮೂರು ವಾರ ಮೂಳೆಯ ಕಡೆ ನೋಡಲೇ ಇಲ್ಲ,
ಹೆದರಿ ಪಂಜರದ ಇನ್ನೊಂದು ತುದಿಯಲ್ಲಿ ಕೂತಳು.
ಆಮೇಲೊಂದು ದಿನ ಮೇಲಿನಿಂದ ಸದ್ದು,
ಕರ, ಕರ,
ಸ್ಲೇಟಿನ ಮೇಲೆ ಯಾರೋ ತಪ್ಪು ಲೆಕ್ಕ ಬರೆಯುತ್ತಿರುವ ಹಾಗೆ.

ನಿನ್ನೆ ಯಾರೂ ಇಲ್ಲದಾಗ
ಉಗುರಿನಿಂದ ಒಂದು ಚೂರು ಕೆರೆದು ಬಾಯಿಗಿಟ್ಟೆ.
ರುಚಿಯೇನಿಲ್ಲ. ಹುಡಿ.
ಆದರೆ ಬಾಯಿಗೆ ಅದರ ಗುರುತಿತ್ತು.
ಮೊದಲ ಬಸುರಿನಲ್ಲಿ, ಅತ್ತೆ ಮಲಗಿದ ಮೇಲೆ,
ಅಂಗಳದ ಗೋಡೆಯ ಸುಣ್ಣ
ಕದ್ದು ನೆಕ್ಕುತ್ತಿದ್ದೆ.